ತೂಗು

ಸಸೂನ್ ಡಾಕಿನಲ್ಲಿ ಬೆಳಗಿನ ಐದಕ್ಕೆ
ಹೌಸಾಬಾಯಿಯ ತಕ್ಕಡಿ ಎತ್ತಿ ನೋಡುವುದು ನನ್ನ ನೌಕರಿ.
ತೂಕ-ಅಳತೆ ಇಲಾಖೆ, ಇಪ್ಪತ್ತಾರು ವರ್ಷ.
ಚೀಲದಲ್ಲಿ ಮುದ್ರೆಯ ಉಳಿ, ಸುತ್ತಿಗೆ,
ಮಖಮಲ್ಲಿನ ಗೂಡಿನಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು.
ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ,
ಬೆರಳಿನ ಜಿಡ್ಡಿಗೂ ಒಂದು ತೂಕವಿದೆ.

ನನ್ನ ಬಟ್ಟಿಗೆ ಜಿಲ್ಲೆಯ ಬಟ್ಟು ಸಾಕ್ಷಿ,
ಜಿಲ್ಲೆಯದಕ್ಕೆ ರಾಜ್ಯದ್ದು, ರಾಜ್ಯದ್ದಕ್ಕೆ ದಿಲ್ಲಿಯದು,
ದಿಲ್ಲಿಯದಕ್ಕೆ ಕಡಲಾಚೆಯದು ಯಾವುದೋ.
"ಅದಕ್ಕೆ ಯಾರು ಸರ್?" ತರಬೇತಿಯಲ್ಲಿ ಕೇಳಿದ್ದೆ.
ಮೇಷ್ಟ್ರು ಗಡಿಯಾರ ನೋಡಿ
ಚಹಾಕ್ಕೆ ಬಿಟ್ಟರು.

ಮೊನ್ನೆ ಕೊಲಾಬಾದ ತುದಿಯಲ್ಲಿ ಒಂದು ಪ್ರಯೋಗಶಾಲೆಯ
ಗುಜರಿ ತೂಗುವ ಕಾಟಾಕ್ಕೆ ಮುದ್ರೆ ಬೇಕಿತ್ತು.
ಗೋದಾಮಿನ ಕೀಲಿಯವನು ಊಟಕ್ಕೆ ಹೋಗಿದ್ದ.
ಫೋನಿನಲ್ಲಿ ನನ್ನ ಕನ್ನಡ ಕೇಳಿ ಒಬ್ಬಳು ನಿಂತಳು:
ಅಕ್ಕಲಕೋಟೆಯ ಬಿರಾಜದಾರರ ಹುಡುಗಿ, ರೇವತಿ.
"ಇಲ್ಲಿ ಕೂತು ಏನ್ ಮಾಡ್ತೀರಿ? ಬರ್ರಿ, ನಮ್ಮ ತಕ್ಕಡಿ ತೋರಸ್ತೀನಿ."

ಕತ್ತಲ ಕೋಣೆ. ಕಬ್ಬಿಣದ ಮೇಜು. ಚಪ್ಪಲಿ ಹೊರಗೆ.
"ಒಂದು ಬೆಳಕಿನ ಕಣ ಬಿಡ್ತೀವಿ. ಒಂದ ಒಂದು.
ಈ ಗಾಜು ಅರ್ಧ ಕನ್ನಡಿ.
ದಾಟಿದ್ರ ಆ ಕಿವಿ ಟಿಕ್ ಅಂತದ, ತಿರುಗಿದ್ರ ಈ ಕಿವಿ.
ಅನ್ನೂತನಕ ನಮ್ಮ ಲೆಕ್ಕದಾಗ ಅದು ಎರಡೂ ಹಾದ್ಯಾಗ ಅದ.
ಅಂದ ಮ್ಯಾಲ, ಒಂದರಾಗ."
ನಡುವೆ?
"ನಡುವಿಂದು ಸಮೀಕರಣದಾಗ ಇಲ್ರಿ.
ಅದಕ್ಕ ತೂಗೂದು ಅಷ್ಟ ಗೊತ್ತು.
ನಿಲ್ಲು ಅಂತ ಅದರಾಗ ಯಾವ ಸಾಲೂ ಇಲ್ಲ."

ಇಪ್ಪತ್ತಾರು ವರ್ಷದ ಚಟ, ಕೇಳಿದೆ:
"ಆ ಕಿವಿಗೆ ಮುದ್ರೆ ಹೊಡೆದವರು ಯಾರು?"
ನಕ್ಕಳು. ಆಮೇಲೆ ನಗಲಿಲ್ಲ.
"ಕಿವೀನೂ ಕಣದ್ದ ಅಲ್ರಿ. ಅದಕ್ಕೂ ಇದ ಲೆಕ್ಕ ಹಚ್ಚಿದ್ರ
ಟಿಕ್ ಅಂದದ್ದೂ ಆಗ್ತದ, ಅನ್ನದ್ದೂ ಆಗ್ತದ.
ಓದೂ ಯಂತ್ರಕ್ಕ ಹಚ್ಚಿದ್ರ ಅದೂ. ನೋಡೂ ನನಗ ಹಚ್ಚಿದ್ರ..."
ಪಕ್ಕದ ಪಂಪು ಗೊರಗೊರ ಎನ್ನುತ್ತಿತ್ತು.
ನನಗೆ ತರಬೇತಿಯ ಚಹಾ ನೆನಪಾಯಿತು.

"ಹೌಸಾಬಾಯಿಯ ತಕ್ಕಡಿಯೂ ಹಾಗೇ" ಎಂದೆ, ಸಮಾಧಾನಕ್ಕೆ.
"ಇಲ್ರಿ. ಮೀನಿನ ತೂಕ ಮೀನಿನ್ಯಾಗ ಮೊದಲ ಅದ,
ಗೊತ್ತಿಲ್ಲದ್ದು ನಿಮಗ.
ಇಲ್ಲಿ ಗೊತ್ತಾಗಲಿಕ್ಕ ಮೊದಲ ಏನೂ ಇರಂಗಿಲ್ಲ.
ಹಂಗಂತ ನಮ್ಮ ಸರು. ಎದುರಿನ ಕೋಣೆಯವರು ಇಲ್ಲ ಅಂತಾರ.
ಊಟದಾಗ ದಿನಾ ಜಗಳ."

ಕುರ್ಲಾ ಲೋಕಲಿನಲ್ಲಿ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತ
ಅವಳ ಮಾತೇ: ತೂಗೂದು ಅಷ್ಟ ಗೊತ್ತು.
ವರದಿ ಬರೆಯುವ ನನ್ನ ಮರಾಠಿಯಲ್ಲಿ
ಝುಲಣೆ ಬೇರೆ, ತೋಲಣೆ ಬೇರೆ.
ಅಮ್ಮನ ನುಡಿಯಲ್ಲಿ ತೊಟ್ಟಿಲನ್ನೂ ತೂಗುತ್ತೇವೆ, ಬೆಲ್ಲವನ್ನೂ.
ಓಲಾಡುವುದು ಯಾವ ಗಳಿಗೆಯಲ್ಲಿ ಅಳೆಯುವುದಾಯಿತೋ
ಆ ಶಬ್ದ ಬಾಯಿ ಬಿಡುವುದಿಲ್ಲ.
ಮಸೀದ್ ಬಂದರಿನಲ್ಲಿ ಯಾರೋ ಹೆಗಲು ತಟ್ಟಿದರು,
ಸರಿದು ಕೂತೆ.

ಇವತ್ತು ಹೌಸಾಬಾಯಿ ಹೊಸ ತಕ್ಕಡಿ ತಂದಿದ್ದಾಳೆ.
ಒಂದು ತಟ್ಟೆಗೆ ನನ್ನ ಕಿಲೋ, ಇನ್ನೊಂದಕ್ಕೆ ಅವಳದು.
ಮುಳ್ಳು ಆಚೆ. ಈಚೆ. ಮತ್ತೆ ಆಚೆ.
ದೋಣಿಗಳ ಕಡೆಯಿಂದ ಗಾಳಿ, ಐಸಿನ ಪುಡಿ, ಬೈಗುಳ.
"ಚಲಾ ಮ್ಯಾಡಮ್, ಬೊಂಬಿಲು ನೀರಾಗ್ತದೆ!"
ಉಸಿರು ಹಿಡಿದೆ.
ಓಲಾಟ ನನ್ನ ಕಣ್ಣಿಗಿಂತ ಸಣ್ಣದಾದಾಗ
ಸರಿ ಇದೆ ಎಂದು ಬರೆದೆ.
ನಿಂತಿತ್ತೆಂದಲ್ಲ.

ದಂಡದ ಸೀಸದ ಮೇಲೆ ಉಳಿಯಿಟ್ಟು ಒಂದೇ ಪೆಟ್ಟು:
ಇಲಾಖೆಯ ಗುರುತು, ವರ್ಷ, ನನ್ನ ನಂಬರು.
ಆ ಪೆಟ್ಟಿಗೆ
ಮುಳ್ಳು ಮತ್ತೆ ತೂಗತೊಡಗಿತು.